ಉಸಿರು ಕೀಳೋ ಕೆಲಸ

ಫೆಬ್ರವರಿ 3

ಬೆಳಗ್ಗಿಂದ ಉಸಿರು ಕೀಳೋದೇ ಕೆಲಸ. ದೊಡ್ಡ ಗಾಯಕರ ಹಾಡು. ಒಂದೊಂದು ಸಾಲಿಗೂ ಮುಂಚೆ ಸುಸ್ ಅಂತ ಎಳೀತಾರೆ ಪುಣ್ಯಾತ್ಮರು. ಸ್ಕ್ರೀನ್ ಮೇಲೆ ಸಣ್ಣ ಉಬ್ಬು ಕಾಣುತ್ತೆ — ಹಿಡಿ, ಅಳಿಸು, ಮುಂದಕ್ಕೆ ಹೋಗು. ಈಗ ಹಾಡು ಹೀಗೇ ಬೇಕಂತೆ, ನುಣ್ಣಗೆ. ಹಾಡಿದವರು ಬದುಕಿದ್ದರು ಅಂತ ಗೊತ್ತಾಗಬಾರದು.

ಕೋರಸ್‌ನಲ್ಲಿ ಹಾಡ್ತಿದ್ದವಳು ನಾನು. ಒಂದು ಗಂಟಲನ್ನ ಕಂಪ್ಯೂಟರು ಹತ್ತು ಗಂಟಲು ಮಾಡೋಕೆ ಶುರು ಮಾಡಿದ ಮೇಲೆ ನಮ್ಮ ಗುಂಪು ದಿಕ್ಕಾಪಾಲು. ನಾನು ಮೌಸ್ ಹಿಡಿದೆ. ಅಕ್ಕ ಟ್ರ್ಯಾಕ್ ಹಾಡ್ತಾ ಉಳಿದಳು. ಮೊದಲು ಅವಳು ಹಾಡೋದು, ದೊಡ್ಡವರು ಕೇಳಿ ಕಲಿತು ಹಾಡೋದು, ಆಮೇಲೆ ಅವಳದನ್ನ ಅಳಿಸೋದು. ಇಷ್ಟು ವರ್ಷ ಹಾಡಿದ್ದಾಳೆ, ಅವಳ ದನಿ ಎಲ್ಲೂ ಇಲ್ಲ.

ಇವತ್ತೂ ಗಂಟಲು ಕಟ್ಟಿದೆ ಅಂತಿದ್ದಳು. ಡಾಕ್ಟರ ಹತ್ರ ಹೋಗೇ ಅಕ್ಕ ಅಂದ್ರೆ, ಬಿಸಿನೀರು ಕುಡೀತೀನಿ ಬಿಡು ಅಂತಾಳೆ. ಹಟಮಾರಿ.

ಫೆಬ್ರವರಿ 17

ಅಕ್ಕನ ಗಂಟಲಲ್ಲಿ ಗಡ್ಡೆ. ಕೆಟ್ಟದ್ದೇ.

ದನಿಪೆಟ್ಟಿಗೆ ಪೂರ್ತಿ ತೆಗೀಬೇಕಂತೆ. ಆಮೇಲೆ ಕೊರಳ ಮುಂದೆ ಒಂದು ತೂತು, ಅದರಲ್ಲೇ ಉಸಿರಾಟ. ಡಾಕ್ಟರು ಚಿತ್ರ ಬರೆದು ತೋರಿಸಿದರು. ಅಕ್ಕ ಎಲ್ಲ ಕೇಳಿಸಿಕೊಂಡು, "ಇನ್ನು ಹಾಡೋಕಾಗಲ್ಲ ಅಂತ ಒಂದೇ ಮಾತಲ್ಲಿ ಹೇಳಿ ಡಾಕ್ಟ್ರೇ, ಚಿತ್ರ ಯಾಕೆ?" ಅಂದಳು.

ಹೊರಗೆ ಬಂದು ಗೊಳೋ ಅಂತ ಅತ್ತೆ. ಅವಳೇ ಬೆನ್ನು ಸವರಿದಳು. ಎಲ್ಲ ತಲೆಕೆಳಗು.

"ಯಾರೂ ಅಳಿಸಿಹಾಕದ ಹಾಗೆ ಒಂದು ಹಾಡು ಹಾಡಿಬಿಡ್ತೀನಿ ಕಣೇ. ನನ್ನದೇ ರಾಗ. ಒಂದೇ ಒಂದು."

ಫೆಬ್ರವರಿ 19

ಅಕ್ಕನ ಹಾಡು ರೆಕಾರ್ಡ್ ಮಾಡಿಕೊಡೋಕೆ ತಿರುಗುಕುರ್ಚಿ ಒಪ್ಪಿದ. ನಮ್ಮ ಸ್ಟುಡಿಯೋ ಧಣಿ. ಕುರ್ಚಿ ಗಿರಗಿರ ತಿರುಗಿಸದೆ ಮಾತಾಡಿದ್ದೇ ಇಲ್ಲ. ಸುಮ್ಮನೆ ಒಪ್ಪಲಿಲ್ಲ. ಹಾಡಿನ ಜೊತೆ ಅಕ್ಷರಗಳನ್ನೂ ಹಾಡಿಕೊಡಬೇಕು, ಅವಳ ದನಿಯನ್ನ ಕಂಪ್ಯೂಟರು ಕಲಿಯುತ್ತೆ, ಆಮೇಲೆ ಅದು ಅವನದು. "ನಿಮ್ಮಕ್ಕ ಯಾವತ್ತೂ ಹಾಡ್ತಾನೇ ಇರ್ತಾರಮ್ಮ!"

ಅಕ್ಕ ಸಹಿ ಹಾಕಿದಳು.

ಫೆಬ್ರವರಿ 22

ಹಾಡಿದಳು. ದನಿ ಒಡೆದಿತ್ತು, ಆದರೂ... ಶ್ರುತಿ ಕೂದಲೆಳೆಯಷ್ಟೂ ಜಾರಲಿಲ್ಲ. ಮುಗಿಸಿ ಗಾಜಿನಾಚೆಯಿಂದ ಹುಬ್ಬು ಹಾರಿಸಿದಳು, ಹೆಂಗೆ? ಅಂತ.

ಮಧ್ಯಾಹ್ನವೇ ಕೂತು ಕ್ಲೀನ್ ಮಾಡಿದೆ. ಸೇವ್ ಮಾಡಿದೆ. ಹಳೇ ಫೈಲೆಲ್ಲ ಅಳಿಸಿ ಜಾಗ ಖಾಲಿ ಮಾಡಿದೆ. ಅಕ್ಕನ ಹಾಡು ಅಂತ ಇನ್ನೂ ಅಚ್ಚುಕಟ್ಟಾಗಿ.

ಏಪ್ರಿಲ್ 9

ಆಪರೇಷನ್ ಮುಗಿದು ಅಕ್ಕ ಮನೆಗೆ ಬಂದಿದ್ದಾಳೆ. ಕೊರಳ ತೂತಿನ ಮೇಲೆ ತೆಳ್ಳನೆ ಬಟ್ಟೆ. ಮಾತೆಲ್ಲ ಸ್ಲೇಟಿನಲ್ಲಿ. ಭಾವ ಅವಳಿಗೆ ಹೊಸ ಬಳಪ ತಂದಿಟ್ಟಿದ್ದಾರೆ.

ಹೆಡ್‌ಫೋನ್ ಹಾಕಿ ಹಾಡು ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದಳು. ಮುಖ ಸಣ್ಣಗಾಯಿತು. ಸ್ಲೇಟು ಎಳಕೊಂಡು ಬರೆದಳು — "ಉಸಿರೆಲ್ಲಿ?"



ಕೋರಸ್‌ನಲ್ಲಿ ನಾವ್ಯಾರೂ ಮುಂದೆ ನಿಂತು ಕೈ ಆಡಿಸೋರನ್ನ ನೋಡ್ತಿರಲಿಲ್ಲ. ಅಕ್ಕ ಸಣ್ಣಗೆ ಉಸಿರೆಳೀತಿದ್ದಳು, ಆ ಸದ್ದಿಗೇ ಎಲ್ಲರೂ ಒಟ್ಟಿಗೆ ಹಾಡು ಎತ್ತಿಕೊಳ್ತಿದ್ದೆವು. ಆ ಉಸಿರನ್ನೇ ಕಿತ್ತು ಬಿಸಾಕಿದ್ದೀನಿ, ಒಂದೂ ಬಿಡದೆ. ಯೋಚನೆ ಕೂಡ ಮಾಡಲಿಲ್ಲ, ಕೈ ತಾನಾಗಿ ಮಾಡಿಬಿಟ್ಟಿದೆ. ಈ ಕೈಗಿಷ್ಟು ಬೆಂಕಿ ಬೀಳ.

ಏಪ್ರಿಲ್ 10

ಸ್ಟುಡಿಯೋ ಪೂರ್ತಿ ಜಾಲಾಡಿದೆ. ಉಸಿರಿದ್ದ ಮೂಲ ಫೈಲು ಎಲ್ಲೂ ಇಲ್ಲ, ಅವತ್ತು ನಾನೇ ಅಳಿಸಿದ್ದೆ.

"ಅಷ್ಟೇ ತಾನೆ? ಉಸಿರು ರೆಡಿಮೇಡ್ ಸಿಗುತ್ತಮ್ಮ, ಹಾಕಿಸಿಕೊಡ್ತೀನಿ," ಅಂದ ತಿರುಗುಕುರ್ಚಿ. ಅಕ್ಕನ ದನಿ ಆಗಲೇ ಯಾವುದೋ ಸೋಪಿನ ಜಾಹೀರಾತು ಹಾಡ್ತಿದೆ. ಹೆಮ್ಮೆಯಿಂದ ಕೇಳಿಸಿದ. ಸಾಲುಗಳ ಮಧ್ಯೆ ಯಾವಳೋ ಉಸಿರಾಡ್ತಿದ್ದಾಳೆ. ಎದ್ದು ಬಂದೆ.

ಏಪ್ರಿಲ್ 13, ಸಂಜೆ

ಅಕ್ಕನೇ ಬರೆದಳು — "ಮೈಕ್ ತಾ."

ಲ್ಯಾಪ್‌ಟಾಪಿಗೆ ಮೈಕ್ ಸಿಕ್ಕಿಸಿ ಅವಳ ಕೊರಳ ಹತ್ತಿರ ಇಟ್ಟೆ. ಹೆಡ್‌ಫೋನಿನಲ್ಲಿ ಹಾಡು. ಪ್ರತಿ ಸಾಲಿಗೂ ಮುಂಚೆ, ಅವತ್ತು ಎಳೆದ ಜಾಗದಲ್ಲೇ ಎಳೆದಳು, ತೂತಿನಿಂದ. ಬಟ್ಟೆ ಹರಿದ ಹಾಗೆ ಸದ್ದು. ಜಾಗ ಮಾತ್ರ ಕರಾರುವಾಕ್ಕು. ಸ್ಕ್ರೀನ್ ಕೇಳಿತು — ನಾಯ್ಸ್ ಇದೆ, ತೆಗೆಯಲೇ? "ಮುಚ್ಕೊಂಡಿರು," ಅಂದೆ ಅದಕ್ಕೆ. ಅಕ್ಕ ಭುಜ ಕುಣಿಸಿ ನಕ್ಕಳು. ಸದ್ದಿಲ್ಲ.

ಜೋಡಿಸಿ ಕೇಳಿದೆವು. ಕೂಡಲಿಲ್ಲ. ದನಿ ಆಗಿನದು, ಉಸಿರು ಈಗಿನದು — ಇಬ್ಬರು ಬೇರೆ ಬೇರೆ ಹೆಂಗಸರು. ಅಕ್ಕ ತಾನೇ ಕೈ ಚಾಚಿ ದನಿಯ ಸಾಲು ಆಫ್ ಮಾಡಿದಳು. ಬರೀ ಉಸಿರು ಉಳಿಯಿತು. ಮೈಕನ್ನ ನನ್ನ ಕಡೆ ತಿರುಗಿಸಿದಳು.

ನಾನು ಹಾಡಬೇಕಂತೆ. ಅವಳ ರಾಗ, ನನ್ನ ದನೀಲಿ. ಅಂದರೆ ಇದೂ ಟ್ರ್ಯಾಕೇ. ಈ ಸಲ ಅವಳನ್ನ ಅಳಿಸೋಳು ನಾನೇ!

ಆಗಲ್ಲ ಅಂತ ಕೂಗಾಡಿ ಎದ್ದು ಬಂದೆ. ಅಡಿಗೆಮನೇಲಿ ಕೂತು ಬರೀತಿದ್ದೀನಿ. ಭಾವ ಬಂದು ಹಣಕಿ ಹೋದರು. ಒಳಗೆ ಸ್ಲೇಟು ಕುಟ್ಟೋ ಸದ್ದು. ಕುಟ್ಟಲಿ. ಈಗ ನಿಂತಿತು.

ಉಸಿರೆಳೆದಳು. ಇಲ್ಲೀವರೆಗೂ ಕೇಳಿಸ್ತು. ಕೋರಸ್‌ನಲ್ಲಿ ಎತ್ತಿಕೊಳ್ತಿದ್ದ ಹಾಗೇ ನನ್ನ ಬಾಯಿ ತಾನಾಗಿ —