ಇಪ್ಪತ್ತೆರಡನೇ ನಂಬರಿನ ಹಿಂಭಾಗ

ಸೆಪ್ಟೆಂಬರ್ 14, ಭಾನುವಾರ. ಬೆಳಿಗ್ಗೆ 6.10

ಚಪಾತಿ ಡಬ್ಬಿ ಆಯಿತು, ಬಿಪಿ ಮಾತ್ರೆ ಆಯಿತು. ಯಾವನೋ ಪುಣ್ಯಾತ್ಮ ಮತ್ತೆ ನನ್ನ ಕಾರಿಗೆ ಅಡ್ಡ ನಿಲ್ಲಿಸಿ ಹೋಗಿದ್ದಾನೆ. ಕುವೈತಿನ ಈ ಮೈದಾನ್ ಹವಲ್ಲಿಯಲ್ಲಿ ಇದು ದಿನದ ಕಥೆ. ಗಾಜಿನ ಹಿಂದೆ ಇಟ್ಟಿದ್ದ ನಂಬರಿಗೆ ಫೋನ್ ಮಾಡಿ ಕಾಯುತ್ತ ಕೂತಿದ್ದೇನೆ.

ಬಾಸ್ ಆನ್ಸನ್ ಮೇಲ್ ಹಾಕಿದ್ದಾನೆ. ಜುಲೈಯಲ್ಲಿ ನಾನು ಮಾಡಿದ ಹಳೆ ಮನೆಗಳ ಸರ್ವೆಗೆ ತಕರಾರು ಬಂದಿದೆಯಂತೆ. ವಫ್ರಾ ರಸ್ತೆಯ ಹಳೆಯ ಆಯಿಲ್ ಕಾಲೋನಿ, ನಲವತ್ತು ಒಂದಂತಸ್ತಿನ ಮನೆ. ಚಾರಿತ್ರಿಕ ಮಹತ್ವ ಇದ್ದರೆ ಎ, ಅಷ್ಟಿಷ್ಟು ಇದ್ದರೆ ಬಿ, ಇಲ್ಲದಿದ್ದರೆ ಸಿ. ಸಿ ಬಂದ ಮನೆ ಕೆಡವಬಹುದು. ಇಪ್ಪತ್ತೆರಡನೇ ನಂಬರಿಗೆ ನಾನು ಸಿ ಕೊಟ್ಟಿದ್ದೆ — ‘ಸಾಧಾರಣ ಅಮೆರಿಕನ್ ರಾಂಚ್ ಶೈಲಿ, ವಿಶೇಷವೇನಿಲ್ಲ.’ ಅಲ್ಲಿ ವಾಸವಿರುವ ಕುವೈತಿ ಅಜ್ಜಿ ಒಪ್ಪುತ್ತಿಲ್ಲ.

ಮಂಗಳವಾರ ಹೋಗಿ ಮತ್ತೊಮ್ಮೆ ನೋಡಬೇಕಂತೆ. ಮತ್ತೊಮ್ಮೆ... ಮೊದಲನೇ ಸಲ ಯಾವಾಗ ನೋಡಿದ್ದೆ?

ಸೆಪ್ಟೆಂಬರ್ 16, ಮಂಗಳವಾರ. ಸಂಜೆ

ಊಟ ಸೇರಲಿಲ್ಲ. ಹೆಂಡತಿ ವೇದಾವತಿ ಕೇಳಿದಳು, ಗ್ಯಾಸ್ಟ್ರಿಕ್ ಅಂದೆ.

ಇಪ್ಪತ್ತೆರಡರ ಬಾಗಿಲು ತೆಗೆದದ್ದು ಪುಷ್ಪಾವತಿ. ಕಾರ್ಕಳದ ಕಡೆಯ ಹೆಂಗಸು, ಇಪ್ಪತ್ತು ವರ್ಷದಿಂದ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದಾಳೆ. ನಾನು ಕನ್ನಡದವನೆಂದು ತಿಳಿದ ಕೂಡಲೇ ಕೇಳಿದ್ದು ಒಂದೇ ಮಾತು.

“ಇವತ್ತು ಇಳಿದ್ರಾ?”

ಶೂ ಬಿಚ್ಚಲು ಬಗ್ಗಿದೆ.

“ಜುಲೈಯಲ್ಲಿ ನಿಮ್ಮ ಕಾರು ಬಂದಿತ್ತಲ್ಲ. ಮಾಮಾ, ಅಂದ್ರೆ ನಮ್ಮ ಅಜ್ಜಿ, ನಿಮಗೇಂತ ಲಿಂಬೆ ಶರಬತ್ತು ಮಾಡಿಸಿದ್ದು. ನಾನು ಗೇಟಿಗೆ ಬರುವಷ್ಟರಲ್ಲಿ ನೀವು ಹೋಗಿಯೂ ಆಯ್ತು.”

ಹೌದು. ನಲವತ್ತೊಂಬತ್ತು ಡಿಗ್ರಿ. ನಲವತ್ತು ಮನೆ, ಮೂರು ದಿನ. ಆಫೀಸ್ ಡ್ರೈವರ್ ಕಮಲಾಕ್ಷ ನಿಧಾನಕ್ಕೆ ಓಡಿಸುತ್ತಿದ್ದ, ನಾನು ಗಾಜು ಏರಿಸಿಕೊಂಡು ಗ್ರೇಡ್ ಹೇಳುತ್ತಿದ್ದೆ. ಸಂಜೆ ಅವನೇ ಟೈಪ್ ಮಾಡುತ್ತಿದ್ದ. ಸಹಿ ನನ್ನದು.

ರಸ್ತೆಯಿಂದ ಆ ಮನೆಯಲ್ಲಿ ಕಾಣುವುದೇನು? ಕಾರ್ ಶೆಡ್ಡು, ಉದ್ದನೆಯ ಬೋಳು ಗೋಡೆ, ಮೇಲೆ ಸಣ್ಣ ಕಿಟಕಿ. ಒಳಗೆ ಹೋಗಿ ಹಿಂದಕ್ಕೆ ನಡೆದೆ. ಗೋಡೆಯೇ ಇಲ್ಲ. ನೆಲದಿಂದ ಸೂರಿನವರೆಗೆ ಗಾಜು, ಜಾರುವ ಬಾಗಿಲು. ಸೂರು ಆರಡಿ ಮುಂದಕ್ಕೆ ಚಾಚಿದೆ, ನಡು ಮಧ್ಯಾಹ್ನವೂ ಬಿಸಿಲು ಒಳಗೆ ಬರುವುದಿಲ್ಲ. 1957ರ ಅಮೆರಿಕನ್ ನಕ್ಷೆ, ಎಲ್ ಆಕಾರ. ಅದಕ್ಕೆ ಇನ್ನೆರಡು ಗೋಡೆ ಸೇರಿಸಿ ಹಳೆಯ ಕುವೈತಿ ಮನೆಗಳ ಹಾಗೆ ನಡುವೆ ಅಂಗಳ ಮಾಡಿದವರು ಇಲ್ಲಿಯ ಮೇಸ್ತ್ರಿಗಳು. ಮುಖ್ಯ ಮೇಸ್ತ್ರಿ ಅಜ್ಜಿಯ ಅಪ್ಪ. ಇಂಥ ಜೋಡಣೆ ನಾನು ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ನೋಡಿಲ್ಲ.

ಈ ರಾಂಚ್ ಜಾತಿಯ ಮನೆ ರಸ್ತೆಗೆ ಬೆನ್ನು ಹಾಕಿ ಕೂರುತ್ತದೆ. ಆರ್ಕಿಟೆಕ್ಚರ್ ಎರಡನೇ ವರ್ಷದ ಸ್ಟೂಡೆಂಟಿಗೂ ಗೊತ್ತಿರುವ ವಿಷಯ. ಅದರ ಬೆನ್ನು ನೋಡಿ ಮಾರ್ಕ್ಸ್ ಕೊಟ್ಟೆನಲ್ಲ, ನಾಚಿಕೆಯಾಗುತ್ತದೆ.

ಇವತ್ತೂ ಶರಬತ್ತು ಕೊಟ್ಟರು. ಕುಡಿದೆ.

ಸೆಪ್ಟೆಂಬರ್ 18, ಗುರುವಾರ

ಆನ್ಸನ್‌ಗೆ ಫೋಟೋ ತೋರಿಸಿದೆ. ಇದು ಎ ಗ್ರೇಡ್, ತಪ್ಪಾಗಿದೆ ಅಂದೆ. ಹೇಗೆ ತಪ್ಪಾಯಿತು ಅಂತ ಹೇಳಲಿಲ್ಲ.

“ಟೈಪಿಂಗ್ ಮಿಸ್ಟೇಕ್ ಅಂತ ಹಾಕುವ, ರಾಮು. ಟೈಪ್ ಮಾಡಿದ್ದು ಕಮಲಾಕ್ಷ ಅಲ್ವಾ? ಖಲಾಸ್.”

ಹೂಂ ಅಂದೆ. ಎಷ್ಟು ಸಲೀಸಾಗಿ ಬಂತು ಆ ಹೂಂ.

ಅಕ್ಟೋಬರ್ 5, ಭಾನುವಾರ

ಇಷ್ಟು ದಿನ ಬರೆಯಲು ಮುಖವಿರಲಿಲ್ಲ. ಇಪ್ಪತ್ತೆರಡಕ್ಕೆ ಎ ಸಿಕ್ಕಿತು. ಪುಷ್ಪಾವತಿ ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರ ಕಳಿಸಿದ್ದಾಳೆ. ಕಮಲಾಕ್ಷನಿಗೆ ವಾರ್ನಿಂಗ್ ಲೆಟರ್ ಸಿಕ್ಕಿತು. ನವೆಂಬರಿನಲ್ಲಿ ಅವನ ಇಕಾಮಾ, ಅಂದರೆ ಇಲ್ಲಿಯ ವಾಸದ ಪರವಾನಗಿ, ರಿನ್ಯೂವಲ್. ಲೆಟರ್ ಇದ್ದವರದ್ದು ಮಾಡಿಸುವುದು ಕಷ್ಟ ಎಂದು ಎಚ್‌ಆರ್‌ನವರು ಅವನಿಗೇ ಹೇಳಿದ್ದಾರೆ.

ಶುವೈಖ್ ಸಿಗ್ನಲ್‌ವರೆಗೆ ಇವತ್ತು ಕಮಲಾಕ್ಷ ರಸ್ತೆ ನೋಡಿಕೊಂಡೇ ಕಾರು ಓಡಿಸಿದ. ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿ ಹೇಳಿದ.

“ಒಮ್ಮೆ ಇಳಿದು ನೋಡುವ ಅಂತ ನಾನು ಹೇಳಿದ್ದೆ ಸಾರ್. ನೀವು ಎಸಿ ಜಾಸ್ತಿ ಮಾಡು ಅಂದ್ರಿ.”

ಹಾಗೇ ಅಂದಿದ್ದೆ. ಅವನಿಗಿಂತ ಹದಿನೈದು ವರ್ಷ ದೊಡ್ಡವನು ನಾನು. ತಪ್ಪು ನನ್ನದು, ಹೊರುತ್ತಿರುವವನು ಅವನು. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಅಕ್ಟೋಬರ್ 6, ಸೋಮವಾರ. ಮಧ್ಯಾಹ್ನ

ಆನ್ಸನ್‌ಗೆ ಮೇಲ್ ಕಳಿಸಿಬಿಟ್ಟೆ. ‘ಟೈಪಿಂಗ್ ತಪ್ಪಲ್ಲ. ನಾನು ಕಾರಿನಿಂದ ಇಳಿದಿರಲಿಲ್ಲ.’ ಎರಡೇ ಸಾಲು. ಫೋನಿನಲ್ಲಿ ವೇದಾವತಿಗೂ ಹೇಳಿದೆ. ಮಗಳ ಚಿಂತೆ ಅವಳಿಗೆ. “ಮಾನ್ಯಾ ಸ್ಕೂಲಿನ ವರ್ಷ ಮುಗಿಯೋವರೆಗಾದ್ರೂ ಇರಕ್ಕೆ ಬಿಡ್ತಾರೇನ್ರೀ?” ಅಂದಳು. ಗೊತ್ತಿಲ್ಲ ಅಂದೆ.

ಆನ್ಸನ್ ಕ್ಯಾಬಿನ್ನಿಗೆ ಕರೆದ. ಕಿರುಚಲಿಲ್ಲ. ಕಿರುಚಿದ್ದರೆ ವಾಸಿಯಿತ್ತು.

“ಕಮಲಾಕ್ಷನ ಲೆಟರ್ ವಾಪಸ್ ತಗೊಳ್ತೇನೆ, ಅದು ಬಿಡಿ. ಉಳಿದ ಮೂವತ್ತೊಂಬತ್ತು ಮನೆ? ಎಷ್ಟಕ್ಕೆ ಇಳಿದಿದ್ರಿ?”

ಐದಕ್ಕೆ, ಅಂದೆ.

ಲಿಸ್ಟ್ ನನ್ನ ಕಡೆ ತಿರುಗಿಸಿದ. ಅವುಗಳಲ್ಲಿ ಸಿ ಕೊಟ್ಟವು ಹದಿನೇಳು. ಇಪ್ಪತ್ತೆರಡೊಂದರ ಚಿಂತೆಯಲ್ಲಿ ಇವು ನನ್ನ ತಲೆಗೇ ಬಂದಿರಲಿಲ್ಲ. ನನ್ನ ಕೆಲಸದ ತೀರ್ಮಾನ ಮುಂದಿನ ವಾರ. ಅಷ್ಟರೊಳಗೆ ಎಲ್ಲವನ್ನೂ ಇಳಿದು ನೋಡಿ ಬರಬೇಕು.

ಅಕ್ಟೋಬರ್ 7, ಮಂಗಳವಾರ. ಬೆಳಿಗ್ಗೆ 9.40, ಕಾಲೋನಿಯಿಂದಲೇ

ಮೊದಲು ಹದಿಮೂರನೇ ನಂಬರು, ಸಿ ಕೊಟ್ಟದ್ದು. ಗೇಟಿನ ಎರಡು ಕಂಬ ನಿಂತಿವೆ. ಒಳಗೆ ಸಪಾಟು ನೆಲ, ಜೆಸಿಬಿ ಓಡಾಡಿದ ಗುರುತು. ಕೆಡವಿ ಹತ್ತು ದಿನವಾಯಿತೆಂದು ಪಕ್ಕದ ಮನೆಯ ಮಾಲಿ ಹೇಳಿದ.

ಕಮಲಾಕ್ಷ ಟ್ಯಾಬ್ ಹಿಡಿದು ಬಿಸಿಲಲ್ಲಿ ನಿಂತಿದ್ದ.

“ಹಿಂಭಾಗದ ವಿವರ ಅಂತ ಒಂದು ಕಾಲಂ ಉಂಟು ಸಾರ್. ಏನು ಬರೆಯುವುದು?”

ಮುಂದೆ ಬಿಳಿ ಗೋಡೆ ಇತ್ತು, ಹಸಿರು ಕಾರ್ ಶೆಡ್ಡು ಇತ್ತು ಅಂದೆ. ಅದು ಮುಂಭಾಗ ಸಾರ್, ಅಂದ. ನಿವೇಶನದ ಕೊನೆಯವರೆಗೂ ನಡೆದು ನೋಡಿದೆ. ಒಡೆದ ಗಾಜು ರಾಶಿ ಬಿದ್ದಿದೆ. ಕಿಟಕಿಯದ್ದೋ, ಇಡೀ ಗೋಡೆಯದ್ದೋ, ಅಂಗಳವೇನಾದರೂ ಇತ್ತೋ, ನಾನು ಇಳಿದು ನೋಡಿರಲೇ ಇಲ್ಲ.