ವಾರ್ನಿಷ್ ಬಳಿದ ಬಿಲ್ಲು

ಕಲ್ಯಾಣಪುರ
ಸೋಮವಾರ, ಜನವರಿ ೨೭, ೨೦೨೫

ರೋನಿಗೆ,

'ಪ್ರಿಯ' ಎಂದು ಬರೆಯಲು ಕೈ ಬರಲಿಲ್ಲ, ಹಾಗಾಗಿ ಬರೀ ಹೆಸರು. ಫೋನ್ ಮಾಡಿದರೆ ನೀನು ಸೈಟಿನಲ್ಲಿದ್ದೇನೆ ಎನ್ನುತ್ತೀಯ. ವಾಟ್ಸಾಪಿನಲ್ಲಿ ಹಾಕಿದರೆ ಕೈಮುಗಿಯುವ ಚಿತ್ರ ಕಳಿಸಿ ಮುಗಿಸುತ್ತೀಯ. ಕೊಂಕಣಿಯಲ್ಲಿ ಬೈಯಲು ಹೊರಟರೆ ಅರ್ಧದಲ್ಲಿ ನನಗೇ ನಗು ಬಂದುಬಿಡುತ್ತದೆ. ಮದುವೆಯಾಗಿ ಹದಿನಾಲ್ಕು ವರ್ಷ ನೀನು ಬಚಾವಾದದ್ದೇ ಆ ನಗುವಿನಿಂದ. ಅದಕ್ಕೇ ಶಾಲೆಯ ಕನ್ನಡದಲ್ಲಿ, ಕಾಗದದ ಮೇಲೆ ಬರೆಯುತ್ತಿದ್ದೇನೆ. ದುಬಾಯಿಗೆ ಇದು ತಲುಪುವಾಗ ತಲುಪಲಿ. ಕುಳಿತು ಓದು.

ಕಳೆದ ಬುಧವಾರ ನಿನ್ನ ಗೆಳೆಯ ಸಿಲ್ವೆಸ್ಟರನ ಹೆಂಡತಿ ಜೋಸ್ಲಿನ್ ಒಂದು ವೀಡಿಯೊ ಕಳಿಸಿದಳು. ಪಾಪ, ಬೇಜಾರಿನಲ್ಲಿದ್ದೀಯಲ್ಲ, ಸ್ವಲ್ಪ ನಗು ಎಂದು ಕಳಿಸಿದ್ದು. ಕ್ರಿಸ್ಮಸ್ ಕಳೆದ ಭಾನುವಾರ, ನಮ್ಮ ಮನೆಯ ಅಂಗಳ. ಗೋಡೆಯಲ್ಲಿದ್ದ ನನ್ನ ಬಿದಿರಿನ ಬಿಲ್ಲನ್ನು ಇಳಿಸಿ, ನೀನೂ ಸಿಲ್ವೆಸ್ಟರನೂ ಸೇರಿ ಒದ್ದಾಡಿ ಹೆದೆ ಏರಿಸಿದ್ದೀರಿ. ನೀನು ಲುಂಗಿ ಎತ್ತಿ ಕಟ್ಟಿಕೊಂಡು ಬಾಳೆಗಿಡಕ್ಕೆ ಗುರಿ ಹಿಡಿದಿದ್ದೀಯ. ಬಿಲ್ಲಿನಲ್ಲಿ ಬಾಣವೇ ಇಲ್ಲ. ಅವನು 'ಬಿಡು ಮಾರಾಯ, ಬಿಡು' ಎನ್ನುತ್ತಾನೆ. ನೀನು ಕಿವಿಯವರೆಗೆ ಎಳೆದು ಬಿಟ್ಟೇ ಬಿಟ್ಟಿದ್ದೀಯ. ಆ ಸದ್ದು ನನಗೆ ಅಡುಗೆಮನೆಯಲ್ಲಿ ಕೇಳಿಸಿತ್ತು. ಎಂತ ಅದು ಎಂದು ಕೂಗಿ ಕೇಳಿದರೆ, ತಗಡಿನ ಮೇಲೆ ತೆಂಗಿನಕಾಯಿ ಬಿತ್ತು ಎಂದವನು ನೀನು.

ಬಾಣವಿದ್ದರೆ ಬಿಲ್ಲಿನ ಬಲವನ್ನು ಬಾಣ ಹೊತ್ತುಕೊಂಡು ಹೋಗುತ್ತದೆ. ಇಲ್ಲದಿದ್ದರೆ ಆ ಬಲವೆಲ್ಲ ಬಿಲ್ಲಿನ ಮೈಗೇ ಬಡಿಯುತ್ತದೆ. ಕಾಪುವಿನ ನನ್ನ ಶಾಲೆಯಲ್ಲಿ ಐದನೇ ಕ್ಲಾಸಿನ ಮಕ್ಕಳಿಗೂ ಇದು ಗೊತ್ತು, ಬಿಲ್ಲು ಮುಟ್ಟುವ ಮೊದಲು ನಾನು ಹೇಳಿಕೊಡುವ ಪಾಠವೇ ಅದು. ನಿನಗೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಮುಚ್ಚಿಟ್ಟೆ.

ಬಿಟ್ಟದ್ದನ್ನು ನಾನು ಮನ್ನಿಸುತ್ತಿದ್ದೆ ರೋನಿ. ನಾಲ್ಕು ಜನ ಗೆಳೆಯರ ಮುಂದೆ ಗಂಡಸರಿಗೆ ಬುದ್ಧಿ ಕೆಲಸ ಮಾಡುವುದಿಲ್ಲ, ಆಯಿತು. ಆದರೆ ಮರುದಿನ ನಾನು ತವರಿಗೆ ಹೋದಾಗ, ಬಿಲ್ಲಿಗೆ ಬಿದ್ದ ಬಿರುಕು ಕಾಣದ ಹಾಗೆ, ಗೋದಲಿಗೆಂದು ತಂದು ಉಳಿದ ವಾರ್ನಿಷನ್ನು ಬಳಿದೆಯಲ್ಲ! ಬಾಲಯೇಸುವಿನ ಕೊಟ್ಟಿಗೆಗೆ ಹಚ್ಚಿದ ಅದೇ ಬ್ರಷ್ಷಿನಲ್ಲಿ. ಸಾಯಂಕಾಲ ನನ್ನನ್ನು ಕರೆದು ತೋರಿಸಿ, ನಿನಗೋಸ್ಕರ ಪಾಲಿಶ್ ಮಾಡಿದ್ದು ನೋಡು ಡುಲ್ಸಿ ಎಂದು ಬೇರೆ ಹೇಳಿದೆ. ನನಗೆ ಕಣ್ಣಲ್ಲಿ ನೀರು ಬಂತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ, ನಮ್ಮವರಿಗೆ ನನ್ನ ಬಿಲ್ಲೆಂದರೆ ಎಷ್ಟು ಪ್ರೀತಿ ಎಂದು. ಈಗ ಅದನ್ನು ನೆನೆದರೆ ಮೈಮೇಲೆ ಹುಳ ಹರಿದ ಹಾಗಾಗುತ್ತದೆ. ಆ ಬ್ರಷ್ಷನ್ನು ಹಿತ್ತಲಿನ ಬೂದಿಗುಂಡಿಗೆ ಎಸೆದಿದ್ದೇನೆ. ವಾರ್ನಿಷಿನ ವಾಸನೆ ಇನ್ನೂ ಮನೆಯಿಂದ ಹೋಗಿಲ್ಲ, ಊಟ ಸೇರುತ್ತಿಲ್ಲ.

ಮುಂದಿನದ್ದನ್ನು ನಿನಗೆ ಫೋನಿನಲ್ಲಿ ಒಂದೇ ಮಾತಿನಲ್ಲಿ ಹೇಳಿದ್ದೆ. ಈಗ ಪೂರ್ತಿ ಕೇಳು.

ರಾಜ್ಯಮಟ್ಟದ ಬಿಲ್ಲುಗಾರಿಕೆಗೆ ಸೆಲೆಕ್ಷನ್ ಹತ್ತೊಂಬತ್ತನೇ ತಾರೀಕು ಭಾನುವಾರ, ಮಣಿಪಾಲದಲ್ಲಿ. ಅದಕ್ಕೆ ಎರಡು ದಿನ ಮೊದಲು ನಾನು ಬಿಲ್ಲನ್ನು ಪರೀಕ್ಷಿಸಿದೆ, ಪ್ರತಿ ಸಲ ಮಾಡುವ ಹಾಗೆ. ಹೆದೆ ಬಿಚ್ಚಿ ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದೆ. ಹೆದೆ ಕೂರುವ ಎರಡು ತುದಿಗಳೂ ಗಟ್ಟಿ ಇದ್ದವು. ಒಂದು ತುದಿಯಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದೆ, ಎಲ್ಲೂ ತಿರುಚಿರಲಿಲ್ಲ. ಒಳಮೈಯಲ್ಲಿ ಅಡ್ಡಗೆರೆ ಕಾಣಲಿಲ್ಲ. ಹೇಗೆ ಕಾಣುತ್ತದೆ, ಎರಡು ಕೋಟು ವಾರ್ನಿಷಿನ ಅಡಿಯಲ್ಲಿ? ಸ್ವಲ್ಪ ಸ್ವಲ್ಪವೇ ಬಾಗಿಸಿ ಕಿವಿಗೊಟ್ಟೆ, ಸದ್ದಿಲ್ಲ. ಕೊನೆಗೆ ಹತ್ತಿಯ ಪರೀಕ್ಷೆ. ಹತ್ತಿಯ ಉಂಡೆಯನ್ನು ಬಿಲ್ಲಿನ ಉದ್ದಕ್ಕೂ ಮೆಲ್ಲನೆ ಸವರುತ್ತಾ ಹೋಗಬೇಕು. ಕಣ್ಣಿಗೆ ಕಾಣದ ಸೀಳಿದ್ದರೂ ಅಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ.

ಸಿಕ್ಕಿಕೊಂಡಿತು. ಹಿಡಿಯಿಂದ ಒಂದು ಗೇಣು ಮೇಲೆ, ಒಂದೇ ಎಳೆ.

ಒಂದು ಎಳೆ ಸಿಕ್ಕಿಕೊಂಡರೂ ಬಿಲ್ಲನ್ನು ಕೆಳಗಿಡಬೇಕು. ಅದೂ ನಾನೇ ಕಲಿಸುವ ಪಾಠ. ಆದರೆ ಪ್ರಣೀತಾಳ ಕೈಗೆ ಹೊಂದುವ ಬಿಲ್ಲು ಅದೊಂದೇ. ಎರ್ಮಾಳಿನಿಂದ ದಿನಾ ಮೊದಲ ಬಸ್ಸಿಗೆ ಬಂದು ಎರಡು ವರ್ಷ ಕಲಿತ ಹುಡುಗಿ. ನನ್ನ ಶಾಲೆಯಿಂದ ರಾಜ್ಯಮಟ್ಟಕ್ಕೆ ಹೋಗಬಹುದಾದ ಮೊದಲ ಮಗು. ವಾರ್ನಿಷಿನ ತರಿ ಇರಬಹುದು, ಅಷ್ಟು ಪ್ರೀತಿಯಿಂದ ಬಳಿದದ್ದಲ್ವಾ ಎಂದುಕೊಂಡೆ. ಹೆಬ್ಬೆರಳಿನಿಂದ ಆ ಎಳೆಯನ್ನು ಒರೆಸಿಹಾಕಿದೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ನಿನ್ನ ಮೇಲಿನ ಅಸಹ್ಯದಲ್ಲಿ ಅರ್ಧ ಪಾಲು ನನ್ನ ಮೇಲಿನದು ಎಂದು ನಿನಗೆ ತಿಳಿದಿರಲಿ, ಆದರೆ ಅದರಿಂದ ನಿನ್ನ ಪಾಲು ಕಡಿಮೆಯಾಗುವುದಿಲ್ಲ.

ಭಾನುವಾರ ಅವಳ ಮೊದಲ ಎರಡು ಬಾಣ ಗುರಿಯ ನಟ್ಟನಡುವಿನ ಹಳದಿಗೇ ಬಿದ್ದವು. ಮೂರನೆಯದಕ್ಕೆ ಪೂರ್ತಿ ಎಳೆದು ನಿಂತಿದ್ದಳು. ಬಿಲ್ಲು ಸರಿಯಾಗಿ ಆ ಗೇಣಿನ ಜಾಗದಲ್ಲೇ ಮುರಿಯಿತು. ಬಿದಿರಿನ ಸೀಳು ಎಡಗಣ್ಣಿನ ಕೆಳಗೆ ಕೆನ್ನೆಯನ್ನು ಹರಿದುಕೊಂಡು ಹೋಯಿತು. ಐದು ಹೊಲಿಗೆ. ಅರ್ಧ ಇಂಚು ಮೇಲೆ ಹೋಗಿದ್ದರೆ ಕಣ್ಣು ಹೋಗುತ್ತಿತ್ತು ಎಂದರು ಡಾಕ್ಟರು. ಅವಳು ಅಳಲಿಲ್ಲ. ಕೆನ್ನೆಗೆ ನನ್ನ ಕರ್ಚೀಫು ಒತ್ತಿ ಹಿಡಿದುಕೊಂಡು, ಬಿಲ್ಲು ಹೋಯಿತು ಟೀಚರ್ ಎಂದಳು.

ಬಿಲ್ಲು ಹೋದದ್ದು ಹೋಗಲಿ. ಹುಡುಗಿ ಇನ್ನು ಬಿಲ್ಲು ಮುಟ್ಟುವುದಿಲ್ಲ ಎಂದು ಕೂತಿದ್ದಾಳೆ. ಹೊಲಿಗೆಯ ಹೆದರಿಕೆಯಿಂದಲ್ಲ. ತನ್ನಿಂದಲೇ ಬಿಲ್ಲು ಮುರಿಯಿತು ಎಂದು ನಂಬಿದ್ದಾಳೆ. ಹಿಂದೊಮ್ಮೆ ನಾನಿಲ್ಲದಾಗ ಬಾಣ ಹೂಡದೆ ಹೆದೆ ಎಳೆದು ನೋಡಿದ್ದಳಂತೆ, ಹಾಗೇ ನಿಧಾನಕ್ಕೆ ಹಿಂದೆ ತಂದಿದ್ದಳಂತೆ. ಅದರಿಂದ ಬಿಲ್ಲಿಗೆ ಏನೂ ಆಗುವುದಿಲ್ಲ, ಎಳೆದು ಕೈಬಿಟ್ಟರೆ ಮಾತ್ರ ಕೇಡು. ಕೈಬಿಟ್ಟವನು ನೀನು. ಆದರೆ ಹದಿಮೂರು ವರ್ಷದ ಮಗು ಮಾಡದ ತಪ್ಪನ್ನು ಕೆನ್ನೆಯ ಮೇಲೂ ಹೊತ್ತುಕೊಂಡು, ಮನಸ್ಸಿನ ಮೇಲೂ ಹೊತ್ತುಕೊಂಡು ಮನೆಯ ಮೂಲೆಯಲ್ಲಿ ಕೂತಿದೆ.

ಹಾಗಾಗಿ ನೀನು ಅವಳ ಅಮ್ಮ ಕುಶಲಾ ಅವರಿಗೆ ಫೋನ್ ಮಾಡಬೇಕು. ನಂಬರು ಈ ಕಾಗದದ ಹಿಂದೆ ಬರೆದಿದ್ದೇನೆ. ಗಿಫ್ಟು, ಚಾಕಲೇಟು ಕಳಿಸುವ ಮಾತು ಎತ್ತಬೇಡ. ನಾನು ಖಾಲಿ ಬಿಲ್ಲು ಬಿಟ್ಟೆ, ಬಿರುಕು ಕಂಡೆ, ವಾರ್ನಿಷ್ ಬಳಿದೆ ಎಂದು ಮೂರು ವಾಕ್ಯ ಹೇಳು. ಹೇಳುವವರೆಗೆ ನನ್ನ ಜೊತೆ ಆರೋಗ್ಯ ಹೇಗುಂಟು, ಮಳೆ ಉಂಟೋ ಎಂಬ ಮಾತು ಬೇಡ.

ಇಂತಿ,
ಸದ್ಯಕ್ಕೆ ನಿನ್ನ ಹೆಂಡತಿಯಾಗಿಯೇ ಇರುವ
ಡುಲ್ಸಿನ್

ತಾ.ಕ.: ಲಕೋಟೆಗೆ ಗಮ್ ಹಚ್ಚಿ, ಮತ್ತೆ ಬಿಚ್ಚಿದ್ದೇನೆ. ಹುಡುಗಿ ಹೀಗೆ ನಂಬಿದ್ದಾಳೆ ಎಂದು ನನಗೆ ಗೊತ್ತಾದದ್ದು ಹೇಗೆ ಎಂದು ನಾನು ಬರೆಯಲಿಲ್ಲ, ನೀನೂ ಕೇಳುತ್ತಿರಲಿಲ್ಲ. ಶುಕ್ರವಾರ ಕುಶಲಾ ಅವಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಪಡುಬಿದ್ರಿಯಲ್ಲಿ ಮೀನು ಮಾರಿ, ಹಾಗೇ ಮನೆಗೆ ಹೋಗಿ ಸ್ನಾನ ಮಾಡಿ, ಒಂದು ಚೆಂಡು ಮಲ್ಲಿಗೆ ತೆಗೆದುಕೊಂಡು ಬಂದಿದ್ದರು. ಮಗಳದ್ದು ತಪ್ಪು ಉಂಟು ಟೀಚರ್, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದರು. ಹುಡುಗಿ ಎಲ್ಲವನ್ನೂ ಒಪ್ಪಿಕೊಂಡು ತಲೆ ತಗ್ಗಿಸಿ ನಿಂತಳು. ಜೋಸ್ಲಿನಳ ವೀಡಿಯೊ ಆಗ ನನ್ನ ಫೋನಿನಲ್ಲಿತ್ತು, ಫೋನು ನನ್ನ ಕೈಯಲ್ಲಿತ್ತು. ನಾನು ಅವಳ ತಲೆ ಸವರಿ, ಪರವಾಗಿಲ್ಲ ಮಗಾ, ಕ್ಷಮಿಸಿದ್ದೇನೆ ಎಂದೆ. ಅವಳು ಥ್ಯಾಂಕ್ಸ್ ಟೀಚರ್ ಎಂದಳು.

ನೀನು ಬಿಲ್ಲಿಗೆ ಬಳಿದೆ, ನಾನು ಮಗುವಿನ ಮೇಲೆ ಬಳಿದೆ. ಅಂಚೆಪೆಟ್ಟಿಗೆಗೆ ಹೋಗುವ ಮೊದಲು ಈ ಕಾಗದ ಎರ್ಮಾಳಿಗೆ ಹೋಗುತ್ತದೆ. ಅವರಿಬ್ಬರ ಮುಂದೆ ಮೊದಲಿನಿಂದ ಕೊನೆಯವರೆಗೆ ನಾನೇ ಓದುತ್ತೇನೆ. ಇದು ನಿನ್ನ ಕೈಗೆ ಬಂದಿದ್ದರೆ, ಓದುವಷ್ಟು ಧೈರ್ಯ ನನಗೆ ಬಂತು ಎಂದು ತಿಳಿದುಕೋ. ಬರದಿದ್ದರೆ, ನಿನ್ನಂಥವಳನ್ನೇ ನೀನು ಮದುವೆಯಾಗಿದ್ದೀಯ.