ಸುಳ್ಳಾಡದವರ ಭಾವಚಿತ್ರ

ಅಪ್ಪ,

ಇವತ್ತು ನಿಮ್ಮ ವಿಭಾಗದವರು ನಿಮ್ಮ ಭಾವಚಿತ್ರ ತೂಗುಹಾಕಿದರು. ಆಧುನಿಕ ಪಾಶ್ಚಾತ್ಯ ನೀತಿಶಾಸ್ತ್ರದ ಚರಿತ್ರೆಯನ್ನು ಆಯುಷ್ಯವಿಡೀ ಓದಿ, ಕೊಲೆಗಾರ ಬಾಗಿಲಿಗೆ ಬಂದು ಒಳಗೆ ಅಡಗಿದ ಗೆಳೆಯನೆಲ್ಲಿ ಎಂದು ಕೇಳಿದರೂ ಸುಳ್ಳು ಹೇಳಬಾರದೆಂಬ ಒಂದೇ ಪುಟದಲ್ಲಿ ಬಿಡಾರ ಹೂಡಿದವರು ನೀವು. ನಿಮ್ಮನ್ನು ಕಂಡರಾಗದ ಮುಖ್ಯಸ್ಥರು, "ನಮ್ಮ ಮೇಷ್ಟ್ರು ಬಾಯ್ತಪ್ಪಿನೂ ಸುಳ್ಳು ಹೇಳಿದವರಲ್ಲ" ಎಂದು ಕಣ್ಣೊರೆಸಿಕೊಂಡರು. ಸತ್ಯವಂತರಿಗೆ ಎಂಥ ಸೊಗಸಾದ ಕಳ್ಳ ಕಣ್ಣೀರು!

ಮಾತು ಮಾತ್ರ ನಿಜ. ಹಾಸಿಗೆ ಹಿಡಿದ ಅಮ್ಮ, "ನಾನು ಉಳೀತೀನಾ, ಹೇಳ್ರಿ" ಎಂದಾಗ ನೀವು "ಇಲ್ಲ" ಎಂದಿರಿ. ಕರ್ತವ್ಯ ಮುಗಿಯಿತೆಂಬಂತೆ ಕನ್ನಡಕ ಒರೆಸಿಕೊಂಡಿರಿ. ಗೋಡೆಯತ್ತ ತಿರುಗಿದ ಅಮ್ಮ ಮತ್ತೆ ನಿಮ್ಮ ಜೊತೆ ಮಾತಾಡಲೇ ಇಲ್ಲ.

"ಕೊನೇಲಿ ಮೇಷ್ಟ್ರು ಏನಂದ್ರಮ್ಮ?" ಎಂದು ಮುಖ್ಯಸ್ಥರು ನನ್ನತ್ತ ಮೈಕು ಚಾಚಿದರು.

"ಕರ್ತವ್ಯದ ಬಗ್ಗೆನೇ ಮಾತಾಡ್ತಿದ್ರು" ಎಂದೆ. ಚಪ್ಪಾಳೆಯೋ ಚಪ್ಪಾಳೆ. ನೀತಿ ಕಲಿಸುವವರ ಕಿವಿಗೆ ಅಷ್ಟು ಸಾಕು.

ಕೊನೆಯಲ್ಲಿ ನೀವು ನಿಜಕ್ಕೂ ಕೇಳಿದ್ದು, "ನಿಮ್ಮಮ್ಮನ ಕೋಪ ಇಳಿದಿತ್ತೇನಮ್ಮ?" ಎಂದು.

"ಯಾವತ್ತೋ ಇಳಿದಿತ್ತಪ್ಪ. ನನ್ನ ಹತ್ರ ಹೇಳಿದ್ಲು" ಎಂದಿದ್ದೆ.

ಒಂದೊಂದು ವಾಕ್ಯಕ್ಕೂ ಆಧಾರ ಕೇಳಿ ವಿದ್ಯಾರ್ಥಿಗಳನ್ನು ಅಳಿಸುತ್ತಿದ್ದ ನೀವು, ನನ್ನ ಮಾತಿಗೆ ಮಾತ್ರ ಆಧಾರ ಕೇಳಲಿಲ್ಲ. ನನ್ನ ಕೈ ಹಿಡಿದುಕೊಂಡೇ ನಿದ್ದೆಹೋದಿರಿ.